ಹನ್ನೊಂದನೇ ಕಾಲಂ: ರುಚಿ

ಜನವರಿ 10

ಗುಬ್ಬಿಗೆ,

ಕಾಗದ ಶುರು ಮಾಡುವಾಗ ಎಲ್ಲರೂ ತಾವು ಕ್ಷೇಮ ಎಂದು ಬರೆಯುತ್ತಾರೆ. ನಾನು ಬರೆಯುವುದಿಲ್ಲ; ಪರಿಶೀಲನೆ ಆಗಿಲ್ಲ. ಪರಿಶೀಲನೆ ಆಗದ್ದಕ್ಕೆ ಸಹಿ ಹಾಕುವ ಅಭ್ಯಾಸ ತೂಕ ಅಳತೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇನ್‌ಸ್ಪೆಕ್ಟರ್ ಆಗಿದ್ದಾಗಲೇ ನನಗಿರಲಿಲ್ಲ, ಈಗ ಎಪ್ಪತ್ತೊಂದಕ್ಕೆ ಎಲ್ಲಿಂದ ಬರಬೇಕು.

ನಿನ್ನ ಅಕ್ಕ ಹೋಗಿ ನಾಳಿದ್ದಿಗೆ ಮೂರು ತಿಂಗಳು. ಅವಳ ಹೊಲಿಗೆ ಮೆಷಿನ್ ಕಿಟಕಿಯ ಪಕ್ಕದಲ್ಲೇ ಇದೆ. ಸೂಜಿಯಲ್ಲಿ ಶಾಲೆ ಯೂನಿಫಾರ್ಮಿನ ನೀಲಿ ದಾರ ಹಾಗೇ ಇದೆ, ತೆಗೆದಿಲ್ಲ. ಮೊನ್ನೆ ನನ್ನ ಅಂಗಿಯ ಗುಂಡಿ ಕಿತ್ತುಬಂತು. ಮದುವೆಯಾಗಿ ನಲವತ್ತಮೂರು ವರ್ಷ ಗುಂಡಿ ನನ್ನ ಖಾತೆಗೆ ಬಂದ ವಿಷಯವಲ್ಲ, ಆದರೂ ಮೆಷಿನ್ನಿನ ಡ್ರಾಯರ್ ಎಳೆದೆ. ಒಳಗೆ ಎರಡು ಡಬ್ಬಿ. ಚಿಕ್ಕದರಲ್ಲಿ ಗುಂಡಿ. ದೊಡ್ಡದು ಬಿಸ್ಕತ್ತಿನ ತಗಡಿನ ಡಬ್ಬಿ, ಅಲ್ಲಾಡಿಸಿದರೆ ಒಣಗಿದ ಎಲೆಯ ಸದ್ದು. ಮುಚ್ಚಳ ತೆಗೆದರೆ ಕ್ಯಾಪ್ಸೂಲಿನ ಖಾಲಿ ಸಿಪ್ಪೆಗಳು. ಒಂದರ್ಧ ಹಸಿರು, ಒಂದರ್ಧ ಬಿಳಿ. ಒಳಗೆ ಒಂದು ಕಣ ಪುಡಿ ಇಲ್ಲ, ಬಟ್ಟೆಯಲ್ಲಿ ಒರೆಸಿಟ್ಟ ಹಾಗಿದೆ.

ಎಣಿಸಿದೆ. ಸಾವಿರದ ಮುನ್ನೂರ ಎಂಬತ್ತಾರು ಅರ್ಧ. ಅಂದರೆ ಆರುನೂರ ತೊಂಬತ್ತಮೂರು ಕ್ಯಾಪ್ಸೂಲು. ಡ್ರಾಯರಿನ ಹಿಂದೆ, ಹಳೇ ಪ್ಯಾಟರ್ನ್ ಕಾಗದಗಳ ಅಡಿಯಲ್ಲಿ ಒಂದು ಬಾಟಲಿಯೂ ಸಿಕ್ಕಿತು. ಅರವತ್ತರ ಬಾಟಲಿ, ಇಪ್ಪತ್ತೇಳು ಉಳಿದಿವೆ.

ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ 'ಹೆಲ್ದಿ ಏಜಿಂಗ್ ಸಪೋರ್ಟ್' ಎಂದಿದೆ. ನಾನು ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದವನು. ಮರೆತದ್ದೇ ಜಾಸ್ತಿ, ಆದರೆ ಮೋಸ ಓದುವಷ್ಟು ಉಳಿದಿದೆ. ಮೇ ಹೆಲ್ಪ್, ಮೇ ಇಂಪ್ರೂವ್, ಮೇ ಪ್ರಮೋಟ್. ಹಿಂದೆ ಮುಂದೆ ಎಲ್ಲ ಬರೀ 'ಮೇ', ಅಂದರೆ ಆದರೂ ಆಗಬಹುದು. ಹಾಗೆಂದು ಬರೆದವನನ್ನು ಯಾವ ಕಟಕಟೆಗೂ ಹತ್ತಿಸಲಾಗದು. ಒಳಗೆ ಯಾವುದೋ ಬೇರು, ಯಾವುದೋ ಎಲೆಯ ಸಾರ, ಮೂರು ವಿಟಮಿನ್. ನೆನಪಿನ ಶಕ್ತಿಗಂತೆ, ಮುಪ್ಪಿನ ಚೈತನ್ಯಕ್ಕಂತೆ.

ಬಾಟಲಿಯ ತಳದಲ್ಲಿ ಒಂದು ಚೀಟಿ: 'ಅಕ್ಕನಿಗೆ. ದಿನಕ್ಕೆ ಒಂದು.' ಅಕ್ಷರ ನಿನ್ನದು. ನಿನ್ನ 'ಕ' ಎಲ್ಲಿದ್ದರೂ ಗೊತ್ತಾಗುತ್ತದೆ, ಕಿವಿ ಹಿಂಡಿಸಿಕೊಂಡವರ ಹಾಗೆ ಬಗ್ಗಿರುತ್ತದೆ.

ಅಕ್ಟೋಬರ್ 12ರ ಮಧ್ಯಾಹ್ನ ಅವಳು ಆ ಮೆಷಿನ್ನಿನ ಮೇಲೇ ತಲೆಯಿಟ್ಟಳು. ಅರವತ್ತಾರು ವಯಸ್ಸು. ಹಿಂದಿನ ದಿನವೂ ತುಂಬಿದ ಬಕೆಟ್ ಎತ್ತಿದ್ದಳು. ಡಾಕ್ಟರು 'ಹಾರ್ಟ್' ಎಂದರು, ನಾನು ತಲೆಯಾಡಿಸಿದೆ. ಈಗ ತಲೆಯಾಡಿಸುವುದಿಲ್ಲ. ನನಗೆ ಬೇಕಾದ್ದು ಇಷ್ಟೇ. ನಿನ್ನ ಅಕ್ಕನಿಗೆ ನೀನು ತಿನ್ನಿಸಿದ್ದು ಏನು? ಅದೇ ಅವಳನ್ನು ತೆಗೆದುಕೊಂಡು ಹೋಯಿತೇ?

ಇನ್ ಬ್ಲ್ಯಾಕ್ ಅಂಡ್ ವೈಟ್ ಉತ್ತರ ಬೇಕು. ಫೋನು ಬೇಡ. ಫೋನಿನಲ್ಲಿ ನೀನು ಅಳುತ್ತೀಯ, ವಿಷಯ ಅಲ್ಲಿಗೇ ನಿಲ್ಲುತ್ತದೆ.

ಇತಿ,
ನಿನ್ನ ಭಾವ


ಜನವರಿ 24

ಭಾವ,

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಬರೆಯಲು ಕೂತು ಎದ್ದೆ, ಕೂತು ಎದ್ದೆ.

ಹೌದು, ಬಾಟಲಿ ಕೊಟ್ಟವಳು ನಾನೇ. ಆಗ ಅದನ್ನು ಮನೆಮನೆಗೆ ಹೋಗಿ ಮಾರುತ್ತಿದ್ದೆ, ನಿಮಗೂ ಗೊತ್ತು. ನಮ್ಮ ಮನೆಗೆ ಬಂದಾಗ ನೀವು ಎಲ್ಲರೆದುರು, "ಮುದುಕರ ಭಯಾನ ಪುಡಿ ಮಾಡಿ ಬಾಟಲಿಗೆ ತುಂಬಿದ್ದೀಯಲ್ಲೇ ಗುಬ್ಬಿ" ಅಂದಿರಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವತ್ತಿನಿಂದ ನಿಮ್ಮೆದುರು ಆ ವಿಷಯ ಎತ್ತಿಲ್ಲ.

ಅಕ್ಕ ಕೇಳಿದಳು, ಕೊಟ್ಟೆ. ಅದರಿಂದ ಅಕ್ಕನಿಗೆ ಏನೂ ಆಗಿಲ್ಲ. ಎಲ್ಲಿ ನಿಲ್ಲಿಸಿ ಕೇಳಿದರೂ ಈ ಮಾತು ಹೇಳುತ್ತೇನೆ. ಹೇಗೆ ಗೊತ್ತು ಎಂದು ಮಾತ್ರ ಕೇಳಬೇಡಿ. ಅವಳಿಗೆ ಮಾತು ಕೊಟ್ಟಿದ್ದೇನೆ.

ನೀವು ಹೇಗಿದ್ದೀರಿ? ತಲೆ ತಿರುಗುವುದು, ಮರೆವು, ಅಂಥದ್ದೇನಾದರೂ? ವಾಕಿಂಗ್ ಹೋದರೆ ತುಂಬ ದೂರ ಹೋಗಬೇಡಿ, ಭಾವ. ಜೇಬಿನಲ್ಲಿ ವಿಳಾಸ ಇಟ್ಟುಕೊಳ್ಳಿ.

ನಿಮ್ಮ
ಗುಬ್ಬಿ


ಫೆಬ್ರವರಿ 6

ಗುಬ್ಬಿಗೆ,

ನಿನ್ನ ಕಾಗದ ಮೂರು ಸಲ ಓದಿದೆ. ಕೇಳಿದ್ದಕ್ಕೆ ಉತ್ತರವಿಲ್ಲ, ಕೇಳದ್ದಕ್ಕೆ ವಿಚಾರಣೆಯಿದೆ. ಹೋದವಳು ಅವಳು, ನಿನ್ನ ಕಣ್ಣು ನನ್ನ ತಲೆಯ ಮೇಲೆ ಯಾಕೆ? ತಕ್ಕಡಿ ಮುಟ್ಟಲು ಹೋದಾಗ ಅಂಗಡಿಯವನು "ಸಾರ್, ಮನೇಲಿ ಎಲ್ಲ ಹೇಗಿದಾರೆ?" ಎಂದು ಕೇಳಿದನೆಂದರೆ ತೂಕದ ಬಟ್ಟಿನ ತಳ ಕೊರೆದಿದ್ದಾನೆ ಎಂದೇ ಅರ್ಥ. ಇದು ನನ್ನ ಮೂವತ್ತೆರಡು ವರ್ಷದ ಅನುಭವ.

ತನಿಖೆಯನ್ನು ನಾನೇ ಶುರು ಮಾಡಿದ್ದೇನೆ. ನಿವೃತ್ತಿಯ ದಿನ ಕಚೇರಿಯವರು ಗಾಜಿನ ಪೆಟ್ಟಿಗೆಯ ಸಣ್ಣ ತಕ್ಕಡಿ ಕೊಟ್ಟಿದ್ದರಲ್ಲ, ನಿನ್ನ ಅಕ್ಕ ಅದರ ಮೇಲೆ ಕ್ರೋಶಾ ಹೊದಿಕೆ ಹಾಕಿದ್ದಳಲ್ಲ, ಅದನ್ನು ಇಳಿಸಿದೆ. ಒಂದು ಕ್ಯಾಪ್ಸೂಲಿನಲ್ಲಿ ಐನೂರು ಮಿಲಿಗ್ರಾಂ ಎಂದು ಬಾಟಲಿಯ ಮೇಲಿದೆ. ಹತ್ತು ತೂಗಿ, ಹತ್ತರ ಸಿಪ್ಪೆಯ ತೂಕ ಕಳೆದೆ. ಐದು ಗ್ರಾಂ. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಿಜ ಹೇಳಲೇ, ಬೇಸರವಾಯಿತು. ತೂಕ ಸರಿಯಿರುವ ಮೋಸವನ್ನು ಸರ್ವಿಸಿನಲ್ಲೇ ಕಂಡಿರಲಿಲ್ಲ.

ಆಮೇಲೆ ಬಾಟಲಿಗೆ ಅರಗು ಹಾಕಿ ಮೊಹರು ಮಾಡಿಟ್ಟೆ. ರುಚಿ ನೋಡಲಿಲ್ಲ. ಸ್ಯಾಂಪಲ್ಲನ್ನು ನಾಲಿಗೆಗೆ ಇಡಬಾರದು ಎನ್ನುವುದು ನಮ್ಮ ಇಲಾಖೆಯ ಮೊದಲ ಪಾಠ. ನಾಲಿಗೆ ಸಾಕ್ಷಿಯಲ್ಲ, ತಕ್ಕಡಿ ಸಾಕ್ಷಿ.

ಈಗ ಎರಡು ಪ್ರಶ್ನೆ ಉಳಿದವು. ಕ್ಯಾಪ್ಸೂಲನ್ನು ಅವಳು ಬಿಚ್ಚಿದ್ದೇಕೆ? ಮಾತ್ರೆ ನುಂಗಲು ಕಷ್ಟಪಡುವವಳಲ್ಲ, ನೀರೂ ಇಲ್ಲದೆ ನುಂಗುತ್ತಿದ್ದಳು. ಬಿಚ್ಚಿದ ಮೇಲೆ ಸಿಪ್ಪೆ ಕೂಡಿಟ್ಟಿದ್ದೇಕೆ? ಮನೆಯಲ್ಲಿ ಕಸದ ಬುಟ್ಟಿ ಇಲ್ಲವೇ? ಇದೆ. ಹೊರಗಿಡುವ ಮುಂಚೆ ನಾನೇ ದಿನಾ ಒಮ್ಮೆ ನೋಡುತ್ತೇನೆ, ಏನೇನು ವ್ಯರ್ಥವಾಗಿದೆ ಎಂದು.

ಡಾಕ್ಟರ ಹತ್ತಿರ ಹೋದೆ. ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಮೇಲೇರಿಸಿ ಓದಿದರು.

"ಇದರಿಂದ ಆಯ್ತು ಅಂತ ನಾನು ಹೇಳೋಕಾಗಲ್ಲ ಸಾರ್. ಆಗಿಲ್ಲ ಅಂತಾನೂ ಹೇಳೋಕಾಗಲ್ಲ."

"ನೀವೂ ಬಾಟಲಿ ಥರಾನೇ ಮಾತಾಡ್ತೀರಲ್ಲ."

"ನಿಮ್ಮ ಮನೆಯವರಿಗೆ ಹೃದಯದ ಪರೀಕ್ಷೆಗೆ ಎರಡು ಸಲ ಬರೆದುಕೊಟ್ಟಿದ್ದೆ. ಮಾಡಿಸಲೇ ಇಲ್ಲ. ಬಂದಾಗೆಲ್ಲ ನಿಮ್ಮ ವಿಷಯಾನೇ ಕೇಳೋರು. ಕರ್ಕೊಂಡು ಬನ್ನಿ ಅಂದೆ, ಅವರು ಬರಲ್ಲ ಅಂದ್ರು."

ನೋಡು. ತಮ್ಮ ತಲೆ ಉಳಿಸಿಕೊಳ್ಳಲು ಡಾಕ್ಟರೂ ನನ್ನನ್ನೇ ಮಧ್ಯಕ್ಕೆ ಎಳೆದರು. ತನ್ನ ಎದೆನೋವಿಗೆ ಹೋದವಳು ನನ್ನ ವಿಷಯ ಯಾಕೆ ಕೇಳುತ್ತಾಳೆ?

ಇನ್ನೊಂದು ಹೇಳಬೇಕು. ಕೊನೆಯ ಎರಡು ವರ್ಷ ಅವಳ ಕೈರುಚಿ ಹೋಗಿತ್ತು. ಬೇರೆಯದೆಲ್ಲ ಸರಿ, ಬೆಳಗಿನ ಹಾಲು ಮಾತ್ರ ಬಾಯಿಗಿಡಲಾಗದು. ಕಹಿ, ಒಗರು, ಲೋಟದ ತಳದಲ್ಲಿ ಕೆಸರಿನಂಥ ಗಸಿ. ನಾನು ಮೊದಲು ಹಾಲಿನವರ ಮೇಲೆ ಅನುಮಾನಪಟ್ಟೆ. ಮೂರು ಜನರನ್ನು ಬದಲಾಯಿಸಿದೆ. ಮೀಸೆ ಹಾಲಿನವನಂತೂ ಬಾಗಿಲಲ್ಲೇ ವಾದಕ್ಕೆ ನಿಂತ. "ಸಾರ್, ನನ್ನ ಹಾಲಲ್ಲಿ ನೀರಿದೆ ಅಂದ್ರೆ ತಲೆ ತಗ್ಗಿಸ್ತೀನಿ. ಕಹಿ ನಾನೆಲ್ಲಿಂದ ತರ್ಲಿ?" ಆಮೇಲೆ ಅವಳನ್ನೇ ಅಂದೆ. ನಿನ್ನ ಕೈರುಚಿ ಹೋಯಿತು ಕಣೇ, ಹಾಲು ಕಾಯಿಸುವುದೂ ಮರೆತೆಯಾ ಎಂದೆ. "ತಳ ಬಿಡಬೇಡಿ, ಪೂರ್ತಿ ಕುಡೀರಿ" ಎನ್ನುತ್ತಿದ್ದಳು. ನಾನು ತಳ ಸಿಂಕಿಗೆ ಚೆಲ್ಲುತ್ತಿದ್ದೆ.

ಈಗ ನಾನೇ ಕಾಯಿಸಿಕೊಳ್ಳುತ್ತೇನೆ. ಚೆನ್ನಾಗಿರುತ್ತದೆ. ಅವಳಿಲ್ಲದ ಮನೆಯಲ್ಲಿ ಹಾಲು ಚೆನ್ನಾಗಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಪರಿಶೀಲಿಸಿದ್ದನ್ನು ಬರೆಯಬೇಕಲ್ಲ. ಬಹುಶಃ ಆ ಪುಡಿ ಅವಳ ನಾಲಿಗೆಯನ್ನೇ ಕೆಡಿಸಿತ್ತು. ಇದನ್ನೂ ನಿನ್ನ ಮೇಲಿನ ಆರೋಪಕ್ಕೆ ಸೇರಿಸಿಕೋ.

ಹಾಲಿನ ವಿಷಯ ಬರೆದೆನೇ? ಮೂರು ಜನ ಹಾಲಿನವರನ್ನು ಬದಲಾಯಿಸಿದೆ.

ಇತಿ,
ಭಾವ


ಫೆಬ್ರವರಿ 19

ಭಾವ,

ಹಾಲಿನವರ ಕಥೆ ಒಂದೇ ಕಾಗದದಲ್ಲಿ ಎರಡು ಸಲ ಬಂದಿದೆ. ಗಮನಿಸಿದಿರಾ? ಕೊಂಕು ಅಲ್ಲ. ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ.

ನೀವು ನನ್ನನ್ನು ಏನು ಬೇಕಾದರೂ ಅನ್ನಿ. ಆ ವ್ಯಾಪಾರವನ್ನು ನಾನು ಅಕ್ಕ ಹೋದ ವಾರವೇ ಬಿಟ್ಟೆ. ಈಗ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆದುಕೊಡುತ್ತೇನೆ. ಅಕ್ಕನನ್ನು ಕಳಿಸಿಕೊಟ್ಟ ದಿನ ನಾನು ಬಾಗಿಲ ಹತ್ತಿರವೇ ನಿಂತಿದ್ದೆ ಎಂದು ನಿಮಗೆ ಸಿಟ್ಟು. ಒಳಗೆ ಬಂದಿದ್ದರೆ ನಿಮ್ಮ ಮುಖ ನೋಡಬೇಕಿತ್ತು, ನೋಡಿದ್ದರೆ ಬಾಯಿಬಿಡುತ್ತಿದ್ದೆ. ಅಷ್ಟೇ.

ಒಂದು ಸಲ ಆ ಡಾಕ್ಟರಿಗೆ ನಿಮ್ಮನ್ನೇ ತೋರಿಸಿಕೊಳ್ಳಿ. ಅಕ್ಕನ ವಿಷಯಕ್ಕಲ್ಲ, ನಿಮ್ಮದಕ್ಕೆ.

ನಿಮ್ಮ
ಗುಬ್ಬಿ


ಮಾರ್ಚ್ 3

ಶ್ರೀಮತಿಯವರಿಗೆ,

ವಿತ್ ಡ್ಯೂ ರೆಸ್ಪೆಕ್ಟ್, ಇನ್ನು ಮುಂದೆ ನಮ್ಮ ನಡುವೆ ಗುಬ್ಬಿಯೂ ಇಲ್ಲ, ಭಾವನೂ ಇಲ್ಲ. ಬಾಯಿಬಿಡುತ್ತಿದ್ದೆ ಎಂದು ತಾವೇ ಬರೆದಿದ್ದೀರಿ. ಬಿಡಲು ಏನೋ ಇದೆ ಎಂದಾಯಿತು. ಇದಕ್ಕೆ ಕಾಲೇಜಿನಲ್ಲಿ ಕನ್ಫೆಷನ್ ಎಂದು ಹೇಳಿಕೊಟ್ಟಿದ್ದರು.

ಆಹಾರ ಮತ್ತು ಔಷಧ ತಪಾಸಣೆಯ ಕಚೇರಿಯಿಂದ ದೂರಿನ ನಮೂನೆ ತಂದಿದ್ದೇನೆ. ಹದಿನಾಲ್ಕು ಕಾಲಂ. ಸೋಮವಾರ ರಿಜಿಸ್ಟರ್ ಅಂಚೆಯಲ್ಲಿ ಹೋಗುತ್ತದೆ. ಒದಗಿಸಿದವರು ಎಂಬಲ್ಲಿ ತಮ್ಮ ಹೆಸರು, ಮನೆ ವಿಳಾಸ, ಈಗಿನ ಕ್ಲಿನಿಕ್ಕಿನ ವಿಳಾಸ. ಅವರು ಅಲ್ಲಿಗೇ ಬಂದು ಕೇಳುತ್ತಾರೆ. ಬಂದಾಗ ಅವರ ಮನೆಯವರ ಆರೋಗ್ಯ ವಿಚಾರಿಸಿ ನೋಡಿ, ಬಿಡುತ್ತಾರೇನೋ.

ತಾವು ಹೆಣೆದು ಕಳಿಸಿದ್ದ ಉಣ್ಣೆಯ ಮಫ್ಲರ್ ಬೇರೆ ಪಾರ್ಸೆಲ್ಲಿನಲ್ಲಿ ವಾಪಸು ಬರುತ್ತಿದೆ.

ಐ ಬೆಗ್ ಟು ರಿಮೈನ್,
ದಿವಂಗತೆಯ ಪತಿ


ಮಾರ್ಚ್ 5

ಗುಬ್ಬಿ,

ಮಫ್ಲರ್ ಕಳಿಸಿಲ್ಲ. ಕಾಗದ ಮಾತ್ರ ಹೋಗಿಬಿಟ್ಟಿತು.

ನಮೂನೆ ತುಂಬಲು ಕೂತಿದ್ದೆ. ಹತ್ತು ಕಾಲಂ ಆಯಿತು. ಹನ್ನೊಂದನೆಯದು: ಬಣ್ಣ, ವಾಸನೆ, ರುಚಿ. ಬಣ್ಣ ಬರೆದೆ. ವಾಸನೆ ಬರೆದೆ. ಇನ್ನೊಂದು ಇಲಾಖೆಯವರ ರೀತಿ ಇನ್ನೊಂದು, ಅವರಿಗೆ ರುಚಿ ಬೇಕಂತೆ. ಖಾಲಿ ಬಿಟ್ಟು ಸಹಿ ಹಾಕಿದವನಲ್ಲ ನಾನು. ಮೊಹರು ಒಡೆದೆ. ಒಂದು ಬಿಚ್ಚಿ, ಚಮಚದ ತುದಿಯಷ್ಟು ನಾಲಿಗೆಗೆ ಇಟ್ಟೆ.

ಹಾಲಿನಲ್ಲಾ, ಗುಬ್ಬಿ?

ಎರಡು ವರ್ಷ, ನನ್ನ ಹಾಲಿನಲ್ಲಾ?

ಇಷ್ಟಕ್ಕೆ ಮಾತ್ರ ಉತ್ತರ ಬರೆ. ಅವಳಿಗೆ ಕೊಟ್ಟ ಮಾತು ಮುರಿದ ಹಾಗಾಗುವುದಿಲ್ಲ. ನಾನೇ ಕಂಡುಹಿಡಿದಿದ್ದೇನೆ.

ಭಾವ


ಮಾರ್ಚ್ 14

ಭಾವ,

ಹೌದು.

ಎರಡು ವರ್ಷದ ಹಿಂದೆ, ನವೆಂಬರಿನಲ್ಲಿ ಅಕ್ಕ ಹೊಲಿಗೆಯಂಗಡಿಯಿಂದ ಫೋನ್ ಮಾಡಿದಳು. ಮನೆಯಿಂದ ಮಾಡಿದರೆ ನೀವು ಕೇಳಿಸಿಕೊಳ್ಳುತ್ತೀರಿ ಎಂದು. ನೀವು ಪೇಪರ್ ತರಲು ಹೋದವರು ಮೂರೂವರೆ ಗಂಟೆ ಬರಲಿಲ್ಲವಂತೆ. ಬಂದಾಗ ಚಪ್ಪಲಿ ತುಂಬ ಧೂಳು, ಕೈಯಲ್ಲಿ ಪೇಪರ್ ಇಲ್ಲ. "ಎಲ್ಲಿಗೆ ಹೋಗಿದ್ರಿ ಅಂದೆ, ವಾಕಿಂಗ್ ಅಂದ್ರು. ಅವರ ಮುಖ ನೋಡಿದ್ದಿದ್ರೆ ನೀನೂ ಮುಂದೆ ಏನೂ ಕೇಳ್ತಿರ್ಲಿಲ್ಲ ಗುಬ್ಬಿ" ಎಂದಳು. ಬಿ.ಪಿ. ನೆಪ ಹೇಳಿ ಡಾಕ್ಟರ ಹತ್ತಿರ ಕರೆದರೆ ನನಗೇನಾಗಿದೆ ಎಂದು ನೀವು ಎಗರಿದಿರಂತೆ. "ನಿನ್ನ ಹತ್ರ ಏನೋ ನೆನಪಿಗೆ ಅಂತ ಇದೆಯಲ್ಲ, ಅದನ್ನ ಕೊಡು."

ನಾನು ಬೇಡ ಎನ್ನಬಹುದಿತ್ತು. ನಾನು ಮಾರುತ್ತಿದ್ದುದರ ಮೇಲೆ ನನಗೇ ಅಷ್ಟು ನಂಬಿಕೆ ಇರಲಿಲ್ಲ. ನೀವು ತೆಗೆದುಕೊಳ್ಳುತ್ತಿದ್ದ ಬಿ.ಪಿ. ಮಾತ್ರೆಯ ಜೊತೆ ಇದನ್ನು ಕೊಡಬಹುದೇ ಎಂದು ಯಾರನ್ನೂ ಕೇಳಲಿಲ್ಲ. ಅದು ನನ್ನ ತಪ್ಪು. ದೂರು ಕೊಡುವುದಾದರೆ ಅದಕ್ಕೆ ಕೊಡಿ. ಅದಕ್ಕೇ ನಿಮ್ಮ ತಲೆ ತಿರುಗುತ್ತದೆಯೇ ಎಂದು ಕೇಳುತ್ತಿದ್ದೆ. ಅಕ್ಕ ಒಂದನ್ನೂ ತಾನು ತಿಂದವಳಲ್ಲ. ತನಗೆ ಎದೆ ಹಿಡಿಯುತ್ತಿತ್ತು ಎಂದು ನನಗೂ ಹೇಳಲಿಲ್ಲ.

ಅವಳ ಒಂದು ಕಾರ್ಡು ಇಟ್ಟಿದ್ದೇನೆ. ಓದಿ, ವಾಪಸು ಕಳಿಸಿ. ನನ್ನ ಹತ್ತಿರ ಅವಳ ಅಕ್ಷರ ಇರುವುದು ಇದೊಂದೇ.

ನಿಮ್ಮ
ಗುಬ್ಬಿ

(ಜೊತೆಗಿದ್ದ ಕಾರ್ಡು)

ಗುಬ್ಬೀ, ಬಾಟಲಿ ಸೇರಿತು. ಮೀಸೆ ಹಾಲಿನವನನ್ನ ಬಿಡಿಸಿಬಿಟ್ರು, ಪಾಪ. ಅವನ ಮುಖ ನೋಡೋಕಾಗದೆ ಒಳಗೆ ಹೋದೆ. ತಳ ಬಿಡಬೇಡಿ ಅಂತ ದಿನಾ ಗೋಗರೀತೀನಿ, ಸಿಂಕಿಗೆ ಚೆಲ್ತಾರೆ. ಅರ್ಧಾನಾದ್ರೂ ಒಳಗೆ ಹೋಗುತ್ತಲ್ಲ. ಸಿಪ್ಪೆ ಬುಟ್ಟಿಗೆ ಹಾಕೋ ಹಾಗಿಲ್ಲ, ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಗೊತ್ತಲ್ಲ. ನಿನ್ನೆ, ನಿನ್ನ ಕೈರುಚಿ ಹೋಯ್ತು ಅಂದ್ರು. ಅನ್ನಲಿ. ಮನೆ ದಾರಿ ತಪ್ಪದಿದ್ರೆ ಸಾಕು.


ಮಾರ್ಚ್ 27

ಗುಬ್ಬಿಗೆ,

ಕಾರ್ಡು ಇದರ ಜೊತೆಗಿದೆ. ಕೈಯಲ್ಲಿ ಎರಡು ಪ್ರತಿ ಬರೆದುಕೊಂಡೆ. ಅವಳ ಅಕ್ಷರ ಬರಲಿಲ್ಲ, ನನ್ನದೇ ಬಂತು. ನಮೂನೆ ಹರಿದೆ.

ಮೊದಲು ತಪ್ಪೊಪ್ಪಿಗೆ. ಆ ದಿನ ನಾನು ವಾಕಿಂಗ್ ಹೋಗಿರಲಿಲ್ಲ. ಪೇಪರ್ ಅಂಗಡಿಯಿಂದ ತಿರುಗಿದೆ, ಎದುರಿಗೆ ನಾಲ್ಕು ರಸ್ತೆ. ನಾಲ್ಕೂ ನನ್ನವೇ ಅನ್ನಿಸಿತು, ಯಾವುದೂ ನನ್ನದಲ್ಲ ಅನ್ನಿಸಿತು. ಪೇಪರ್ ಎಲ್ಲಿ ಬಿದ್ದಿತೋ. ಯಾರನ್ನಾದರೂ ಕೇಳಬಹುದಿತ್ತು, ಈ ಬೀದಿಯ ಎಲ್ಲ ಅಂಗಡಿಯವರಿಗೂ ನನ್ನ ಗುರುತಿದೆ. ಅದಕ್ಕೇ ಕೇಳಲಿಲ್ಲ. ಅವರ ತಕ್ಕಡಿಗಳನ್ನೆಲ್ಲ ತಪ್ಪು ಎಂದವನು ಹೋಗಿ ನನ್ನ ಮನೆ ಎಲ್ಲಿ ಎಂದು ಕೇಳುವುದೇ? ನಡೆದೆ. ಕೊನೆಗೆ ಒಂದು ಕಿಟಕಿಯಿಂದ ಹೊಲಿಗೆ ಮೆಷಿನ್ನಿನ ಸದ್ದು ಕೇಳಿತು, ಒಳಗೆ ಹೋದೆ. ನಮ್ಮದೇ ಮನೆ. "ವಾಕಿಂಗಾ, ಒಳ್ಳೇದು" ಎಂದು ತಟ್ಟೆ ಹಾಕಿದಳು. ಅವಳಿಗೆ ಗೊತ್ತಾಗಲಿಲ್ಲ ಎಂದುಕೊಂಡು ನಾನು ಎರಡು ವರ್ಷ ಸಮಾಧಾನದಲ್ಲಿದ್ದೆ.

ಅಕ್ಟೋಬರ್ 12ರಿಂದ ಆರುನೂರ ತೊಂಬತ್ತಮೂರು ದಿನ ಹಿಂದಕ್ಕೆ ಎಣಿಸಿದೆ. ಆ ನವೆಂಬರ್ 19ಕ್ಕೆ ಬಂದು ನಿಲ್ಲುತ್ತದೆ. ಒಂದು ದಿನವೂ ತಪ್ಪಿಲ್ಲ. ಹೋದ ದಿನದ ಬೆಳಿಗ್ಗೆಯೂ ಒಂದು. ಆ ಬೆಳಿಗ್ಗೆಯೂ ನಾನು ತಳ ಚೆಲ್ಲಿದ್ದೆ, ನೆನಪಿದೆ. ಇದು ಮರೆತುಹೋಗಬಾರದಿತ್ತೇ, ಇದೇ ನೆನಪಿದೆ.

ಡಾಕ್ಟರ ಹತ್ತಿರ ಹೋದೆ, ಈ ಸಲ ನನ್ನನ್ನೇ ಮೇಜಿನ ಮುಂದೆ ಇಟ್ಟುಕೊಂಡು. ಏನೇನೋ ಪರೀಕ್ಷೆ. ಗಡಿಯಾರದ ಚಿತ್ರ ಬರೆಯಿರಿ ಎಂದರು, ನೂರರಿಂದ ಏಳೇಳು ಕಳೆಯಿರಿ ಎಂದರು. ಕಳೆಯುವುದು ಬಂತು, ಮುಳ್ಳು ತಪ್ಪಿತು. ಮರೆವು ಶುರುವಾಗಿದೆಯಂತೆ, ನಿಧಾನವಂತೆ, ಮಾತ್ರೆ ಕೊಟ್ಟಿದ್ದಾರೆ.

"ಆ ಪುಡಿಯಿಂದಾನೇ ಇಷ್ಟು ನಿಧಾನ ಆಗಿರಬಹುದಾ?" ಎಂದು ಕೇಳಿದೆ.

"ಹಾಗಂತ ಹೇಳೋಕೆ ನನ್ನ ಹತ್ರ ಆಧಾರ ಇಲ್ಲ ಸಾರ್. ಬಿ.ಪಿ. ಮಾತ್ರೆ ಜೊತೆ ಕೇಳದೆ ಕೊಟ್ಟಿದ್ದಂತೂ ತಪ್ಪು. ನಿಮ್ಮ ಅದೃಷ್ಟ. ಉಳಿದಿರೋದನ್ನ ಬಿಸಾಕಿ."

ಹಾಗಾಗಿ ಬಾಟಲಿಯ ಮೇಲಿನ ನನ್ನ ಅನುಮಾನ ಹಾಗೇ ಇದೆ. ಅದನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ನಿನ್ನ ಮೇಲಿನದನ್ನು ತೆಗೆದುಕೊಂಡಿದ್ದೇನೆ. ನೀನು ಮಾಡಿದ ತಪ್ಪು ನೀನೇ ಬರೆದಿದ್ದೀಯ, ನಾನು ಅದಕ್ಕೆ ಬೇರೆ ಕಾಲಂ ಸೇರಿಸುವುದಿಲ್ಲ.

ಮೀಸೆ ಹಾಲಿನವನ ಹತ್ತಿರವೂ ಹೋಗಿದ್ದೆ. ಕ್ಯಾನು ತೊಳೆಯುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಏನ್ ಸಾರ್, ಈಗ ಹುಳಿ ಬಂತಾ?"

"ನಿನ್ನ ಹಾಲಲ್ಲಿ ಕಹಿ ಇರಲಿಲ್ಲಪ್ಪ. ನಮ್ಮ ಮನೆಯವಳು ಔಷಧ ಹಾಕ್ತಿದ್ದಳು. ನನಗೆ ಈಗ ಗೊತ್ತಾಯ್ತು."

ಅವನು ಕೈ ಒರೆಸಿಕೊಂಡ. ಆಮೇಲೆ, "ನೀವು ನನ್ನ ಬಿಡಿಸಿದ ಮೇಲೆ ಅಮ್ಮ ಒಂದಿನ ಬಂದು ನನ್ನ ಹೆಂಡತಿಗೆ ರವಿಕೆ ಹೊಲಿದು ಕೊಟ್ಟು ಹೋದ್ರು ಸಾರ್. ಯಾಕಮ್ಮ ಅಂದ್ರೆ ಹೇಳಲಿಲ್ಲ" ಎಂದ. ನಾಳೆಯಿಂದ ಅರ್ಧ ಲೀಟರ್ ಹಾಕು ಎಂದೆ. "ನೀರಿರುತ್ತೆ, ಮುಂಚೇನೇ ಹೇಳಿರ್ತೀನಿ" ಎಂದ. ಇರಲಿ ಎಂದೆ.

ನೀನು ಬಾ. ಬರುವಾಗ ಏನೂ ತರಬೇಡ, ನಿನ್ನ ಬ್ಯಾಗನ್ನು ಬಾಗಿಲಲ್ಲೇ ಪರಿಶೀಲಿಸುತ್ತೇನೆ. ವಿಳಾಸ ಜೇಬಿನಲ್ಲಿಟ್ಟುಕೊಂಡಿದ್ದೇನೆ, ನಿನ್ನ ಫೋನ್ ನಂಬರೂ ಇದೆ. ಯಾರಾದರೂ ಫೋನ್ ಮಾಡಿ, ಇಲ್ಲೊಬ್ಬ ಮುದುಕರು ನಿಂತಿದ್ದಾರೆ ಎಂದರೆ ಹೌದು, ನಮ್ಮವರೇ ಎನ್ನು.

ಡಾಕ್ಟರ ಮಾತಿನಂತೆ ಕ್ಯಾಪ್ಸೂಲುಗಳನ್ನು ಬಿಸಾಡಿದೆ. ಎಲ್ಲವನ್ನೂ ಅಲ್ಲ. ಒಂದು ಉಳಿಸಿಕೊಳ್ಳಬಹುದೇ ಎಂದು ಅವರನ್ನು ಕೇಳಿದ್ದೆ. ಒಂದಕ್ಕೇನೂ ಆಗಲ್ಲ ಬಿಡಿ ಎಂದಿದ್ದರು. ಇವತ್ತು ಬೆಳಿಗ್ಗೆ ಮೀಸೆಯವನ ಹಾಲು ಕಾಯಿಸಿದೆ. ಹಸಿರರ್ಧ, ಬಿಳಿಯರ್ಧ ಬೇರೆ ಮಾಡಿ, ಪುಡಿ ಉದುರಿಸಿ, ಅವಳ ಹಾಗೆ ಚಮಚದಲ್ಲಿ ತಿರುಗಿಸಿ, ಮೆಷಿನ್ನಿನ ಪಕ್ಕ ಕೂತು ಕುಡಿದೆ. ಅದೇ ಕಹಿ, ಅದೇ ಒಗರು. ಸಿಪ್ಪೆಗಳನ್ನು ಒರೆಸಿ ಡಬ್ಬಿಗೆ ಹಾಕಿದೆ. ಮೊನ್ನೆ ರುಚಿ ನೋಡಿದ್ದರದೂ ಸೇರಿ ಈಗ ಸಾವಿರದ ಮುನ್ನೂರ ತೊಂಬತ್ತು ಅರ್ಧ.

ತಳ ಬಿಡಲಿಲ್ಲ.

ಇತಿ,
ನಿನ್ನ ಭಾವ